ಕಾಣೆಯಾದ ಫೋಲ್ಡರ್ ಅಲ್ಲೇ ಎಲ್ಲೋ ಇದೆ

ದೆಹಲಿಯ ಚಾಣಕ್ಯಪುರಿಯಲ್ಲಿ ರಸ್ತೆಗಳಿಗೆ ಶಾಂತಿಪಥ, ನೀತಿ ಮಾರ್ಗ, ನ್ಯಾಯ ಮಾರ್ಗ, ಸತ್ಯ ಮಾರ್ಗ ಎಂಬಂಥ ಗಂಭೀರ ಹೆಸರುಗಳು. ನಮ್ಮ ಕರ್ನಾಟಕ ಭವನ ಇರುವುದು ಕೌಟಿಲ್ಯ ಮಾರ್ಗದಲ್ಲಿ. 1950ರ ದಶಕದಲ್ಲಿ ವಿದೇಶಿ ದೂತಾವಾಸಗಳಿಗೆಂದೇ ರೂಪಿಸಿದ ಈ ಬಡಾವಣೆಯಲ್ಲಿ ಕಾರ್ಖಾನೆಗಳಿಲ್ಲ. ಇಲ್ಲಿ ದಿನವಿಡೀ ತಯಾರಾಗುವ ಸರಕೆಂದರೆ ಪತ್ರ. ಈಗ ಅದರಲ್ಲಿ ಬಹುಪಾಲು ಇಮೇಲ್. ಬ್ರೌಸರಿನಲ್ಲೇ ಇಮೇಲ್ ನೋಡುವ ಕಾಲ ಬಂದು ಎಷ್ಟೋ ವರ್ಷವಾದರೂ ಔಟ್‌ಲುಕ್, ಥಂಡರ್‌ಬರ್ಡ್ ಥರದ ಪ್ರೋಗ್ರಾಂಗಳು ಕಚೇರಿಗಳ ಮೇಜು ಬಿಟ್ಟು ಕದಲಿಲ್ಲ. ವಿಷಯಕ್ಕೊಂದು, ಇಲಾಖೆಗೊಂದು, ವರ್ಷಕ್ಕೊಂದು ಫೋಲ್ಡರ್ ಮಾಡಿಕೊಂಡು ಹತ್ತು ಹದಿನೈದು ವರ್ಷದ ಪತ್ರಗಳನ್ನು ಅದರಲ್ಲೇ ಇಟ್ಟುಕೊಂಡವರು ಬಹಳ ಮಂದಿ. ಒಂದು ಬೆಳಿಗ್ಗೆ ಎಡಗಡೆಯ ಪಟ್ಟಿಯಲ್ಲಿ ಆ ಫೋಲ್ಡರ್ ಇಲ್ಲ ಎಂದಾಗ ಅವರಿಗಾಗುವ ಗಾಬರಿ ಸಣ್ಣದಲ್ಲ.

ಬಡಾವಣೆಗೆ ಹೆಸರು ಕೊಟ್ಟ ಚಾಣಕ್ಯನಿಗೂ ದಾಖಲೆಗಳ ಚಿಂತೆ ಇತ್ತು. ಅರ್ಥಶಾಸ್ತ್ರದಲ್ಲಿ ಅಕ್ಷಪಟಲ ಎಂಬ ದಾಖಲೆ ಕಚೇರಿಗೆ ಒಂದು ಅಧ್ಯಾಯವೇ ಮೀಸಲು. ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ಲೆಕ್ಕದ ಪುಸ್ತಕಗಳಿಗೆ ಪ್ರತ್ಯೇಕ ಜಾಗ ಇರಬೇಕು ಎಂಬಷ್ಟು ವಿವರ ಅಲ್ಲಿದೆ. ಇಷ್ಟೆಲ್ಲ ಹೇಳಿದ ಗ್ರಂಥವೇ ಶತಮಾನಗಳ ಕಾಲ ಕಾಣೆಯಾಗಿತ್ತು. ಬೇರೆ ಗ್ರಂಥಗಳಲ್ಲಿ ಅದರ ಉಲ್ಲೇಖವಿತ್ತು, ಪಠ್ಯ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟಿದ್ದ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದ್ದು 1905ರಲ್ಲಿ. ಮೂಲ ಪ್ರಕಟವಾದದ್ದು 1909ರಲ್ಲಿ. ಅಷ್ಟೂ ಕಾಲ ಗರಿಗಳು ನಾಶವಾಗಿರಲಿಲ್ಲ. ಅವು ಇಂಥಲ್ಲಿ ಇವೆ ಎಂದು ಹೇಳುವ ಪಟ್ಟಿ ಮಾತ್ರ ಇರಲಿಲ್ಲ.

ಇಮೇಲ್ ಪ್ರೋಗ್ರಾಂನಲ್ಲಿ ಕಾಣೆಯಾದ ಫೋಲ್ಡರಿನ ಕತೆ ಮುಕ್ಕಾಲುಪಾಲು ಸಲ ಇದೇ. ಥಂಡರ್‌ಬರ್ಡನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ನಾವು ಫೋಲ್ಡರ್ ಎಂದು ಕರೆಯುವುದು ಡಿಸ್ಕಿನಲ್ಲಿ ಎರಡು ಫೈಲ್. ಒಂದು ಎಂಬಾಕ್ಸ್ ಎಂಬ ಬಗೆಯ ಸಾದಾ ಪಠ್ಯದ ಫೈಲ್. ಅದರಲ್ಲಿ ಆ ಫೋಲ್ಡರಿನ ಪತ್ರಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಬಿದ್ದಿರುತ್ತವೆ. ಹೊಸ ಪತ್ರ ಶುರುವಾಯಿತು ಎಂಬುದಕ್ಕೆ ‘ಫ್ರಂ’ ಎಂಬ ಇಂಗ್ಲಿಷ್ ಪದದಿಂದ ಮೊದಲಾಗುವ ಸಾಲೇ ಗುರುತು. ಯುನಿಕ್ಸ್ ಯಂತ್ರಗಳ ಆರಂಭದ ದಿನಗಳ, ಅಂದರೆ 1970ರ ದಶಕದ, ಈ ಪದ್ಧತಿ ಈಗಲೂ ನಡೆದುಬಂದಿದೆ. ಎರಡನೆಯದು ಎಂಎಸ್‌ಎಫ್ ಎಂಬ ಸೂಚಿ ಫೈಲ್: ಯಾವ ಪತ್ರ ಎಷ್ಟನೆಯ ಬೈಟ್‌ನಿಂದ ಶುರು, ಯಾರು ಕಳಿಸಿದ್ದು, ಓದಿದ್ದೋ ಇಲ್ಲವೋ ಎಂಬುದರ ಪಟ್ಟಿ. ಪರದೆಯ ಮೇಲೆ ನಮಗೆ ಕಾಣುವುದು ಈ ಸೂಚಿ. ಕರೆಂಟ್ ಹೋಗಿ ಕಂಪ್ಯೂಟರ್ ದಢಕ್ಕನೆ ನಿಂತರೆ ಮೊದಲು ಕೆಡುವುದೂ ಇದೇ. ಇದನ್ನು ಬರೆದಿಡುವ ಮೋರ್ಕ್ ಎಂಬ ವಿಧಾನ ಎಷ್ಟು ಗೋಜಲೆಂದರೆ, ಥಂಡರ್‌ಬರ್ಡ್ ಕಟ್ಟುವವರೇ ಅದನ್ನು ಕೈಬಿಡಲು ವರ್ಷಗಳಿಂದ ಹೆಣಗುತ್ತಿದ್ದಾರೆ. ಸೂಚಿ ಕೆಟ್ಟರೆ ಚಿಂತೆಯಿಲ್ಲ. ಪತ್ರಗಳು ಕಂಪ್ಯೂಟರಿನಲ್ಲೇ ಇರುವ ಫೋಲ್ಡರ್ ಆಗಿದ್ದರೆ, ಪ್ರೋಗ್ರಾಂ ಮುಚ್ಚಿ ಆ ಎಂಎಸ್‌ಎಫ್ ಫೈಲನ್ನು ಅಳಿಸಿದರೆ ಸಾಕು, ಮುಂದಿನ ಸಲ ತೆರೆದಾಗ ಮೂಲ ಫೈಲನ್ನು ಓದಿ ಹೊಸ ಸೂಚಿ ತಾನಾಗಿ ತಯಾರಾಗುತ್ತದೆ.

ಅಷ್ಟು ದೂರವೂ ಹೋಗಬೇಕಾಗಿಲ್ಲದ ಸಂದರ್ಭಗಳೇ ಹೆಚ್ಚು. ಮೌಸ್ ಜಾರಿ ಒಂದು ಫೋಲ್ಡರ್ ಪಕ್ಕದ ಫೋಲ್ಡರಿನ ಹೊಟ್ಟೆಗೆ ಬಿದ್ದಿರುತ್ತದೆ. ಪಕ್ಕದ ಪುಟ್ಟ ಬಾಣದ ಗುರುತು ಒತ್ತಿ ಬಿಡಿಸಿ ನೋಡುವವರೆಗೆ ಅದು ಇಲ್ಲವೆಂದೇ ಲೆಕ್ಕ. ಇನ್ನು ಕೆಲವರು ಗೊತ್ತಿಲ್ಲದೆ ‘ಓದದ ಫೋಲ್ಡರ್‌ಗಳು ಮಾತ್ರ’ ಎಂಬ ನೋಟಕ್ಕೆ ಬದಲಾಯಿಸಿಕೊಂಡಿರುತ್ತಾರೆ. ಎಲ್ಲ ಪತ್ರ ಓದಿ ಮುಗಿಸಿದ ಶಿಸ್ತಿನ ಮನುಷ್ಯನಿಗೆ ಆಗ ಖಾಲಿ ಪಟ್ಟಿಯೇ ಬಹುಮಾನ. ಪ್ರೋಗ್ರಾಂ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಅದು ಖಾತೆ, ಪತ್ರಗಳನ್ನೆಲ್ಲ ಇಟ್ಟಿರುವ ಹಳೆಯ ಪ್ರೊಫೈಲ್ ಬಿಟ್ಟು ಹೊಸ ಪ್ರೊಫೈಲ್ ತೆರೆದುಕೊಳ್ಳುವುದೂ ಉಂಟು. ಆಗ ಫೋಲ್ಡರ್ ಮಾತ್ರವಲ್ಲ, ಖಾತೆಯೇ ಮಾಯವಾದಂತೆ ಕಾಣುತ್ತದೆ. ಹಳೆಯದು ಅಲ್ಲೇ, ವಿಂಡೋಸ್ ಮುಚ್ಚಿಡುವ ಆಪ್‌ಡೇಟಾ ಎಂಬ ಜಾಗದಲ್ಲಿ, ಇದ್ದ ಹಾಗೇ ಇರುತ್ತದೆ.

ಇಲ್ಲಿ ನಿಮ್ಮ ಇಮೇಲ್ ಪಾಪ್ ಪದ್ಧತಿಯದೋ ಐಮ್ಯಾಪ್ ಪದ್ಧತಿಯದೋ ಎಂಬುದು ತಿಳಿದಿರಬೇಕು. ಉಳಿಯುವುದು ಅಳಿಯುವುದೆಲ್ಲ ಇದರ ಮೇಲೆ ನಿಂತಿದೆ. ಪಾಪ್ ಹುಟ್ಟಿದ್ದು 1984ರಲ್ಲಿ: ಸರ್ವರಿನಿಂದ ಪತ್ರ ಇಳಿಸಿಕೋ, ಅಲ್ಲಿಂದ ಅಳಿಸು, ಸಂಪರ್ಕ ಕಡಿ. ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಫೋನ್ ಬಿಲ್ ಏರುವ ಭಯದಲ್ಲಿದ್ದ ನಮಗೆ ಇದೇ ಹೇಳಿ ಮಾಡಿಸಿದ್ದು. ಆದರೆ ಪತ್ರದ ಏಕೈಕ ಪ್ರತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಐಮ್ಯಾಪ್ ಅನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದು 1986ರಲ್ಲಿ. ಇದರಲ್ಲಿ ಮೂಲ ಪ್ರತಿ ಸರ್ವರಿನದು, ನಮ್ಮಲ್ಲಿರುವುದು ನೆರಳು. ಐಮ್ಯಾಪ್‌ನಲ್ಲಿ ಫೋಲ್ಡರ್‌ಗಳಿಗೆ ‘ಚಂದಾದಾರ’ರಾಗುವ ವ್ಯವಸ್ಥೆಯೂ ಇದೆ, ಚಂದಾ ತಪ್ಪಿದ ಫೋಲ್ಡರ್ ಸರ್ವರಿನಲ್ಲಿ ಭದ್ರವಾಗಿದ್ದರೂ ನಿಮ್ಮ ಪಟ್ಟಿಗೆ ಬರುವುದಿಲ್ಲ. ಖಾತೆಯ ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ‘ಸಬ್‌ಸ್ಕ್ರೈಬ್’ ತೆರೆದು ಗುರುತು ಹಾಕಿದರೆ ಅದು ತಕ್ಷಣ ಹಾಜರ್.

ಐಮ್ಯಾಪ್ ಖಾತೆ ಇದ್ದವರು ‘ರಿಪೇರ್ ಫೋಲ್ಡರ್’ ಎಂಬ ಗುಂಡಿಯ ವಿಷಯದಲ್ಲಿ ಹುಷಾರಾಗಿರಬೇಕು. ಹೆಸರು ಕೇಳಿದರೆ ರಿಪೇರಿ. ಅದು ಮಾಡುವ ಕೆಲಸ, ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಬಿಸಾಕಿ ಸರ್ವರಿನಿಂದ ಹೊಸದಾಗಿ ತರುವುದು. ಪತ್ರಗಳು ಸರ್ವರಿನಲ್ಲೇ ಅಳಿದುಹೋಗಿದ್ದರೆ ನಿಮ್ಮಲ್ಲಿ ಉಳಿದಿದ್ದ ಕೊನೆಯ ಪ್ರತಿಯೂ ಆ ಒಂದು ಕ್ಲಿಕ್ಕಿಗೆ ಹೋಯಿತು. ಆದ್ದರಿಂದ ಸಂಶಯ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಇಂಟರ್‌ನೆಟ್ ಕೇಬಲ್ ಕೀಳುವುದು ಅಥವಾ ವೈಫೈ ಆರಿಸುವುದು. ಆಮೇಲೆ ಪ್ರೋಗ್ರಾಂ ಮುಚ್ಚಿ ಇಡೀ ಪ್ರೊಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಬೇಕು. ಏನೇ ಪ್ರಯೋಗವಿದ್ದರೂ ಆ ನಕಲಿನ ಮೇಲೆ. ಕಳೆದುಹೋದ ಇಮೇಲ್‌ಗಳಲ್ಲಿ ಎಷ್ಟೋ ನಿಜವಾಗಿ ಕಳೆದುಹೋಗುವುದು ಹುಡುಕಲು ಹೊರಟವರ ಅವಸರದಿಂದ ಎಂಬುದು ನನ್ನ ಗಟ್ಟಿ ಅನಿಸಿಕೆ.

ಸರ್ವರ್ ಬದಲಾಗುವ ಕಾಲದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಖಾತೆಗಳು ಜೋಹೊ ಕಂಪನಿಯ ವ್ಯವಸ್ಥೆಗೆ ವರ್ಗಾವಣೆಯಾಗಿವೆ ಎಂದು 2025ರ ಅಕ್ಟೋಬರಿನಲ್ಲಿ ವರದಿಯಾಯಿತು. ಸಣ್ಣದಿರಲಿ ದೊಡ್ಡದಿರಲಿ, ಯಾವ ವರ್ಗಾವಣೆಯಲ್ಲೂ ಒಂದು ಸೂಕ್ಷ್ಮ ಇದ್ದೇ ಇರುತ್ತದೆ. ಒಂದು ಸರ್ವರ್ ಫೋಲ್ಡರ್ ಮತ್ತು ಒಳಫೋಲ್ಡರಿನ ಹೆಸರುಗಳ ನಡುವೆ ಚುಕ್ಕಿ ಇಟ್ಟರೆ, ಇನ್ನೊಂದು ಓರೆಗೆರೆ ಇಡುತ್ತದೆ. ‘ಕಡತ 12.3’ ಎಂಬ ಹೆಸರು ಹೊಸ ಮನೆಯಲ್ಲಿ ‘ಕಡತ 12’ರ ಒಳಗಿನ ‘3’ ಆಗಿಬಿಡಬಹುದು.

ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳ ಪಾಡು ಇನ್ನೂ ಸ್ವಾರಸ್ಯದ್ದು. ಐಮ್ಯಾಪ್ ಬೆಳೆದ ಕಾಲಕ್ಕೆ ಫೋಲ್ಡರ್ ಹೆಸರಿಗೆ ಇಂಗ್ಲಿಷ್ ಅಕ್ಷರಗಳಷ್ಟೇ ನಡೆಯುತ್ತಿದ್ದವು. ಉಳಿದ ಲಿಪಿಗಳ ಹೆಸರನ್ನು, ಆಂಪರ್ಸೆಂಡ್ ಚಿಹ್ನೆಯಿಂದ ಶುರುವಾಗಿ ಅಡ್ಡಗೆರೆಯಿಂದ ಮುಗಿಯುವ ಒಂದು ಸಂಕೇತವಾಗಿ ಬದಲಿಸಿ ಸರ್ವರಿನಲ್ಲಿ ಇಡುತ್ತಾರೆ. ‘ಕನ್ನಡ’ ಎಂದು ಹೆಸರಿಟ್ಟ ಫೋಲ್ಡರ್ ಅಲ್ಲಿ ಆಂಪರ್ಸೆಂಡ್ ಆದಮೇಲೆ ಡಿ, ಜೆ, ಯು, ಎಂ ಎಂದು ಹೊರಡುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಸಂಖ್ಯೆಗಳು ಒತ್ತಟ್ಟಿಗಿರುವುದರಿಂದ, ಕನ್ನಡ ಅಕ್ಷರದಿಂದ ಶುರುವಾಗುವ ಯಾವ ಹೆಸರಾದರೂ ಸಂಕೇತದ ಮೊದಲ ಅಕ್ಷರ ಡಿ. ಎರಡನೆಯದು ಐಯಿಂದ ಪಿವರೆಗಿನ ಎಂಟರಲ್ಲಿ ಒಂದು. ತೆಲುಗಿಗೂ ಮೊದಲ ಅಕ್ಷರ ಡಿಯೇ, ಎರಡನೆಯದು ಮಾತ್ರ ಎಯಿಂದ ಎಚ್‌ವರೆಗೆ. ಈ ಸಂಕೇತವನ್ನು ಬಿಡಿಸಲು ಬಾರದ ತಂತ್ರಾಂಶ ವರ್ಗಾವಣೆ ಮಾಡಿದರೆ ನಿಮ್ಮ ‘ಕನ್ನಡ’ ಫೋಲ್ಡರ್ ಕಾಣೆಯಾಗುತ್ತದೆ, ಅದರ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಫೋಲ್ಡರೊಂದು ಬಂದು ಕೂರುತ್ತದೆ. ಅದು ಕಸವೆಂದು ಅಳಿಸಬೇಡಿ. ಅದೇ ನಿಮ್ಮ ಫೋಲ್ಡರ್. 2021ರಲ್ಲಿ ಬಂದ ಐಮ್ಯಾಪ್‌ನ ಹೊಸ ಆವೃತ್ತಿ ಫೋಲ್ಡರಿನ ಹೆಸರನ್ನು ನೇರವಾಗಿ ಯುನಿಕೋಡಿನಲ್ಲೇ ಇಡಲು ಒಪ್ಪಿದೆ. ಹಳೆಯ ಸರ್ವರ್‌ಗಳು ಮಾತ್ರ ಹಳೆಯ ಹಾದಿಯಲ್ಲೇ ಇವೆ.

ಫೋಲ್ಡರಿನ ಎಂಬಾಕ್ಸ್ ಫೈಲ್ ಸಿಕ್ಕಿತು ಎಂದುಕೊಳ್ಳಿ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗದೆ ಹೋಗಬಹುದು. ಎಷ್ಟೋ ಮಂದಿ ಇಲ್ಲಿಗೆ ಬಂದು, ಪತ್ರವೆಲ್ಲ ಹಾಳಾಗಿದೆ ಎಂದು ಕೈಚೆಲ್ಲುತ್ತಾರೆ. ಹಾಳಾಗಿರುವುದಿಲ್ಲ. ಇಮೇಲ್ ಸಾಗಾಟಕ್ಕಾಗಿ ಕನ್ನಡ ಪಠ್ಯವನ್ನು ಬೇಸ್-64 ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಿಸಿಟ್ಟಿರುವ ಸಾಧ್ಯತೆ ಹೆಚ್ಚು. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಬೇಸ್-64ರಲ್ಲಿ 3 ಬೈಟ್‌ಗೆ 4 ಅಕ್ಷರ. ಒತ್ತಕ್ಷರವೂ ಸೇರಿ ‘ಕನ್ನಡ’ಕ್ಕೆ 5 ಸಂಕೇತ, ಅಂದರೆ ಒಟ್ಟು 20 ಅಕ್ಷರ. ಪ್ರತಿ ನಾಲ್ಕರ ಗುಂಪೂ ಅಂಕಿ 4, ಅಕ್ಷರ ಎಲ್, ಆಮೇಲೆ ಕೆ ಅಥವಾ ಓ ಎಂದೇ ಶುರುವಾಗುತ್ತದೆ. ಪದಗಳ ನಡುವೆ ಖಾಲಿ ಜಾಗ ಬಂದಾಗ ಈ ಲಯ ತಪ್ಪಿ ಆಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಹಾಳಾಯಿತೆಂದುಕೊಂಡ ಫೈಲಿನಲ್ಲಿ ಈ ಮೂರು ಗುರುತು ದಟ್ಟವಾಗಿ ಕಂಡರೆ ಅಲ್ಲಿರುವುದು ಕನ್ನಡವೇ. ಹಿಂದಿಯದು ಹೀಗಿರುವುದಿಲ್ಲ, ಅಲ್ಲಿ 4ರ ಬೆನ್ನಿಗೇ ಕೆ ಬರುತ್ತದೆ. ಇನ್ನು ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಹಳೆಯ ಪತ್ರಗಳ ಕತೆ ಬೇರೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಬರಿ ಗೀಚು ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಅಥವಾ ಯುನಿಕೋಡಿಗೆ ಬದಲಿಸಿಕೊಂಡರೆ ಓದಬಹುದು.

ಇದೇ ಫೈಲಿನಲ್ಲಿ ಪ್ರತಿ ಪತ್ರದ ತಲೆಯ ಮೇಲೂ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್’ ಎಂಬ ಸಾಲು, ಅದರ ಮುಂದೆ ನಾಲ್ಕು ಅಂಕಿ ಇರುತ್ತವೆ. 0001 ಎಂದರೆ ಓದಿದ್ದು. 0008 ಎಂದರೆ ಅಳಿಸಿದ್ದು. ಓದಿ ಅಳಿಸಿದ್ದಾದರೆ ಎರಡೂ ಕೂಡಿ 0009. ಪತ್ರ ‘ಡಿಲೀಟ್’ ಮಾಡಿದಾಗ ಥಂಡರ್‌ಬರ್ಡ್ ಈ ಅಂಕಿ ಬದಲಿಸುತ್ತದೆಯೇ ಹೊರತು ಪತ್ರವನ್ನು ಮುಟ್ಟುವುದಿಲ್ಲ. ನಕಲು ಫೈಲಿನಲ್ಲಿ 0009 ಇದ್ದದ್ದನ್ನು 0001 ಮಾಡಿ, ಸೂಚಿ ಫೈಲ್ ಅಳಿಸಿ ತೆರೆದರೆ ತಿಂಗಳ ಹಿಂದೆ ಅಳಿಸಿದ ಪತ್ರವೂ ಎದ್ದು ಬರಬಹುದು. ಆದರೆ ನಡುವೆ ‘ಕಾಂಪ್ಯಾಕ್ಟ್’ ಆಗಿರಬಾರದು. ಕಾಂಪ್ಯಾಕ್ಟ್ ಎಂದರೆ, ಅಳಿಸಿದವನ್ನು ಬಿಟ್ಟು ಉಳಿದವನ್ನು ಎನ್‌ಎಸ್‌ಟಿಎಂಪಿ ಎಂಬ ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರಿಡುವುದು. ಈ ಕೆಲಸದ ನಡುವೆ ಆ್ಯಂಟಿವೈರಸ್ ಮೂಗು ತೂರಿಸಿದರೆ ನಿಮ್ಮ ಫೋಲ್ಡರ್ ಮಾಯವಾಗಿ, ಪಟ್ಟಿಯಲ್ಲಿ ಎನ್‌ಎಸ್‌ಟಿಎಂಪಿ ಎಂಬ ಅಪರಿಚಿತ ಹೆಸರು ಕಾಣಿಸಿಕೊಳ್ಳಬಹುದು. ಆ್ಯಂಟಿವೈರಸ್‌ನ ಇನ್ನೊಂದು ಪ್ರತಾಪವೂ ಇದೆ. ಒಂದು ಪತ್ರದಲ್ಲಿ ವೈರಸ್ ಕಂಡರೆ ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಕ್ವಾರಂಟೈನ್‌ಗೆ ಹಾಕಬಹುದು, ಏಕೆಂದರೆ ಅದರ ಕಣ್ಣಿಗೆ ಎಲ್ಲ ಪತ್ರಗಳೂ ಸೇರಿ ಒಂದೇ ಫೈಲ್. ಆ್ಯಂಟಿವೈರಸ್ ತೆರೆದು ಕ್ವಾರಂಟೈನ್ ಪಟ್ಟಿಯನ್ನು ನೋಡಲು ಯಾರಿಗೂ ನೆನಪಾಗುವುದಿಲ್ಲ.

ಔಟ್‌ಲುಕ್‌ನಲ್ಲಿ ಪಾಪ್ ಖಾತೆಗೆ ಸಾವಿರ ಫೋಲ್ಡರಿದ್ದರೂ ಎಲ್ಲ ಸೇರಿ ಪಿಎಸ್‌ಟಿ ಎಂಬ ಒಂದೇ ಫೈಲ್. 2002ರ ಆವೃತ್ತಿಯವರೆಗೆ ಅದು 2 ಜಿಬಿ ಮೀರುವಂತಿರಲಿಲ್ಲ. ಮೀರುವ ಹೊತ್ತಿಗೆ ಫೈಲ್ ಕೆಟ್ಟು ತೆರೆಯದಾಗುತ್ತಿತ್ತು. 2003ರ ಆವೃತ್ತಿ ಈ ಮಿತಿಯನ್ನು 20 ಜಿಬಿಗೂ, 2010ರದು 50 ಜಿಬಿಗೂ ಏರಿಸಿತು. ಕೆಟ್ಟ ಪಿಎಸ್‌ಟಿಗೆ ಮೈಕ್ರೋಸಾಫ್ಟ್‌ನದೇ ಸ್ಕ್ಯಾನ್‌ಪಿಎಸ್‌ಟಿ ಎಂಬ ಪುಟ್ಟ ಸಾಧನ ಔಟ್‌ಲುಕ್ ಜೊತೆಗೇ ಬರುತ್ತದೆ. ಫೋಲ್ಡರ್ ತಪ್ಪಿಸಿಕೊಂಡು ಅನಾಥವಾದ ಪತ್ರಗಳನ್ನು ಅದು ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬಲ್ಲಿ ಕೂಡಿಹಾಕುತ್ತದೆ. ದುಡ್ಡು ಕೊಟ್ಟು ಬೇರೆ ತಂತ್ರಾಂಶ ಕೊಳ್ಳುವ ಮೊದಲು ಇದನ್ನು ಓಡಿಸಿ ನೋಡಿ.

ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಫೈಲನ್ನೇ ಕಳೆದುಕೊಂಡಿದ್ದರೆ? ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಇನ್ನೂ ದಾರಿಯಿದೆ. ಅಲ್ಲಿ ಅಳಿಸುವುದೆಂದರೆ ಆ ಜಾಗ ಖಾಲಿ ಎಂದು ಗುರುತು ಹಾಕುವುದಷ್ಟೇ. ಬೇರೇನಾದರೂ ಬಂದು ಕೂರುವವರೆಗೆ ಹಳೆಯ ಬೈಟ್‌ಗಳು ಹಾಗೇ ಇರುತ್ತವೆ. ಕಂಪ್ಯೂಟರ್ ಬಳಸುವುದನ್ನು ಕೂಡಲೇ ನಿಲ್ಲಿಸಿ, ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಫೋಟೊರೆಕ್‌ನಂಥ ಉಚಿತ ಸಾಧನ ಓಡಿಸಿದರೆ ಎಂಬಾಕ್ಸ್, ಪಿಎಸ್‌ಟಿ ಫೈಲ್‌ಗಳನ್ನು ಅವುಗಳ ಆಕಾರದ ಗುರುತಿನಿಂದಲೇ ಪತ್ತೆಹಚ್ಚುತ್ತದೆ. ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಬಹಳ ಕಡಿಮೆ. 2009ರ ವಿಂಡೋಸ್ 7ರಿಂದ ಈಚೆಗೆ, ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆಜ್ಞೆ ಎಸ್‌ಎಸ್‌ಡಿಗೆ ತಿಳಿಸಿಬಿಡುತ್ತದೆ. ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಅದನ್ನು ನಿಜವಾಗಿಯೇ ಒರೆಸಿಹಾಕುತ್ತದೆ. ಅಲ್ಲಿಂದ ಯಾವ ತಜ್ಞರೂ ತರಲಾರರು. ತರುತ್ತೇವೆಂದು ಮುಂಗಡ ಕೇಳುವವರನ್ನು ನಂಬಬೇಡಿ.

ಸರ್ವರಿನಲ್ಲಿ ಪ್ರತಿ ಇದೆಯಲ್ಲ ಎಂಬ ಸಮಾಧಾನವೂ ಸಾಲದು. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್‌ನ ಶೇ 0.02ರಷ್ಟು ಬಳಕೆದಾರರ ಪೆಟ್ಟಿಗೆಗಳು ಖಾಲಿಯಾದವು. ಬೇರೆ ಬೇರೆ ಡೇಟಾ ಕೇಂದ್ರಗಳಲ್ಲಿ ಇಟ್ಟಿದ್ದ ಪ್ರತಿಗಳಿಗೂ ಆ ದೋಷ ತಗುಲಿತ್ತು. ಗೂಗಲ್ ಅವನ್ನು ವಾಪಸ್ ತಂದದ್ದು ಟೇಪ್‌ಗಳಿಂದ. ಜಾಲಕ್ಕೆ ಅಂಟಿಕೊಂಡಿರದ ಕಾರಣ ದೋಷ ಅಲ್ಲಿಗೆ ತಲುಪಿರಲಿಲ್ಲ. ನಿಮಗೆ ಟೇಪ್ ಬೇಕಾಗಿಲ್ಲ. ತಿಂಗಳಿಗೊಮ್ಮೆ ಇಮೇಲ್ ಪ್ರೋಗ್ರಾಂ ಮುಚ್ಚಿ, ಪ್ರೊಫೈಲ್ ಫೋಲ್ಡರನ್ನು ಅಥವಾ ಪಿಎಸ್‌ಟಿ ಫೈಲನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ. ಪ್ರೋಗ್ರಾಂ ತೆರೆದಿರುವಾಗ ತೆಗೆದ ನಕಲು ಅರ್ಧಂಬರ್ಧ ಆಗಬಹುದು. ಹೊರಗಿನ ಡಿಸ್ಕಿನಲ್ಲಿಟ್ಟ ಪ್ರತಿಯನ್ನು ವರ್ಷಕ್ಕೊಮ್ಮೆಯಾದರೂ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹಳೆಯ ಪತ್ರ ಒಂದೆರಡನ್ನು ಓದಿ ನೋಡಿ.