ಟ್ರೈಲರಿನಲ್ಲಿ ಹೇಳದೆ ಉಳಿಸತಕ್ಕದ್ದು

ಚಲಚ್ಚಿತ್ರವೊಂದು ತೆರೆಗೆ ಬರುವ ಮುನ್ನ ಅದರ ಪರಿಚಯಕ್ಕಾಗಿ ತೋರಿಸುವ ತುಣುಕಿಗೆ ಟ್ರೈಲರ್ ಎಂಬ ಹೆಸರು ರೂಢಿಯಲ್ಲಿದೆ. ‘ಹಿಂದೆ ಬರುವುದು’ ಎಂಬರ್ಥದ ಪದವು ಮುಂದಾಗಿ ಬರುವ ವಸ್ತುವಿಗೆ ಸಂದುದು ವಿಚಿತ್ರವೆನಿಸಬಹುದು. ಆರಂಭಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳು ಅದನ್ನು ಪ್ರಧಾನ ಚಿತ್ರದ ತರುವಾಯ ತೋರಿಸುತ್ತಿದ್ದುದೇ ಇದಕ್ಕೆ ಕಾರಣ. ತುಣುಕು ಮುಂದಕ್ಕೆ ಬಂದಿತು. ಹೆಸರು ಹಿಂದೆಯೇ ಉಳಿಯಿತು.

ನಮ್ಮ ವಿದ್ಯಾರ್ಥಿಗಳು ತಾವು ತಯಾರಿಸಿದ ೧೨ ನಿಮಿಷಗಳ ಚಿತ್ರಕ್ಕೆ ಟ್ರೈಲರ್ ರಚಿಸಲು ಹೊರಟಾಗ, ಅವರ ಮೊದಲ ಯೋಜನೆಯು ಕಥಾಸಂಕ್ಷೇಪವೇ ಆಗಿದ್ದಿತು. ಊರು ಬಿಟ್ಟುಹೋದವರ ಹೆಸರಿಗೆ ಬಂದ ಕಾಗದವನ್ನು ಹಿಡಿದು ಅಂಚೆಯವನು ಅಲೆಯುವುದು, ಕಡೆಗೆ ಅದನ್ನು ತಾನೇ ಒಡೆಯುವುದು, ಒಳಗಿದ್ದ ಸಾವಿನ ಸುದ್ದಿ, ಎಲ್ಲವೂ ಒಂದೂವರೆ ನಿಮಿಷದಲ್ಲಿ ಅಡಕವಾಗಿದ್ದವು. ನೋಡಿದ ಸಹಪಾಠಿಗಳು, ಇನ್ನು ಚಿತ್ರವನ್ನು ನೋಡುವ ಅಗತ್ಯ ಕಾಣದೆಂದರು. ಮಾತು ನಿಷ್ಠುರವಾದರೂ ಯಥಾರ್ಥವಾಗಿದ್ದಿತು. ಆದಕಾರಣ ಎರಡು ಪ್ರಸಿದ್ಧ ಟ್ರೈಲರುಗಳನ್ನು ಅವರೊಡನೆ ಕುಳಿತು ಪರಿಶೀಲಿಸಿದೆವು.

ಮೊದಲನೆಯದು ೧೯೬೦ರ ‘ಸೈಕೋ’ ಚಿತ್ರದ್ದು. ಆರು ನಿಮಿಷಕ್ಕೂ ಮಿಕ್ಕಿದ ಈ ತುಣುಕಿನಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ತಾನೇ ಮಾರ್ಗದರ್ಶಿಯಂತೆ ಬಂದು, ಕೊಲೆಗಳು ನಡೆದ ಮನೆಯನ್ನೂ ಮೋಟೆಲನ್ನೂ ಸುತ್ತಿ ತೋರಿಸುತ್ತಾನೆ. ಕೊಲೆಯ ವಿಷಯವನ್ನು ಎತ್ತುತ್ತಾನೆ. ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಮುಂದಕ್ಕೆ ನಡೆಯುತ್ತಾನೆ. ಪ್ರೇಕ್ಷಕನು ಕಾಣುವುದು ಬಹುಮಟ್ಟಿಗೆ ಬರಿಯ ಕೋಣೆಗಳನ್ನು. ಕೊನೆಗೆ ಸ್ನಾನಗೃಹದ ಪರದೆಯನ್ನು ಸರಿಸಿದೊಡನೆ ಸ್ತ್ರೀಯೊಬ್ಬಳು ಚೀರುತ್ತಾಳೆ. ಆಕೆಯೂ ಚಿತ್ರದಲ್ಲಿ ಆ ಸನ್ನಿವೇಶದಲ್ಲಿರುವ ಜಾನೆಟ್ ಲೀ ಅಲ್ಲ, ವೆರಾ ಮೈಲ್ಸ್! ಟ್ರೈಲರಿಗೆ ಚಿತ್ರದ ದೃಶ್ಯಗಳೇ ಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೧೯೪೧ರಲ್ಲಿ ತೆರೆಕಂಡ ‘ಸಿಟಿಜನ್ ಕೇನ್’ ಚಿತ್ರದ ಟ್ರೈಲರು ಇನ್ನೂ ಮಿತವ್ಯಯಿ. ಆರ್ಸನ್ ವೆಲ್ಸ್‌ನ ಧ್ವನಿ ಮಾತ್ರ ಕೇಳುತ್ತದೆ, ಆತನು ಕಾಣಿಸುವುದಿಲ್ಲ. ನಟರ ಪರಿಚಯವಾದ ಮೇಲೆ ಪಾತ್ರಗಳು ಕೇನ್‌ನ ವಿಷಯವಾಗಿ ಪರಸ್ಪರ ವಿರುದ್ಧವಾದ ಮಾತುಗಳನ್ನಾಡುತ್ತವೆ. ಆ ಮನುಷ್ಯನು ಎಂಥವನೆಂಬ ಪ್ರಶ್ನೆಯನ್ನು ಪ್ರೇಕ್ಷಕನೇ ಹೊತ್ತುಕೊಂಡು ಹೋಗಬೇಕು.

ಅನಂತರ ನಾವು ಯೋಜನೆಯ ಕ್ರಮವನ್ನೇ ತಿರುಗಿಸಿದೆವು. ತೋರಿಸತಕ್ಕ ಷಾಟುಗಳನ್ನು ಆರಿಸುವ ಮೊದಲು, ತೋರಿಸಕೂಡದವುಗಳನ್ನು ಬೇರೆ ಚೀಟಿಗಳಲ್ಲಿ ಬರೆದು ತೆಗೆದಿರಿಸಿದೆವು. ಉಳಿದ ಚೀಟಿಗಳ ಮೇಲೆ ಸೆಕೆಂಡುಗಳನ್ನೂ ಜೊತೆಗೆ ಬರತಕ್ಕ ಧ್ವನಿಯನ್ನೂ ನಮೂದಿಸಿ, ಮೇಜಿನ ಮೇಲೆ ಹಿಂದುಮುಂದು ಮಾಡಿ ನೋಡಿದೆವು. ಧ್ವನಿಯ ವಿಷಯದಲ್ಲಿ ಹೆಚ್ಚು ಕಾಲ ಹಿಡಿಯಿತು. ಬೀಗ ಹಾಕಿದ ಬಾಗಿಲಿನ ಮೇಲೆ ಸೈಕಲ್ ಗಂಟೆಯ ಸದ್ದನ್ನು ಕೂಡಿಸಿದಾಗ ಉಂಟಾದ ಪರಿಣಾಮವು ಹಿಂದಿನ ಯೋಜನೆಯ ದುಃಖಪೂರ್ಣ ಸಂಗೀತದಿಂದ ಉಂಟಾಗಿರಲಿಲ್ಲ. ಸಂಗೀತವು ಪ್ರೇಕ್ಷಕನಿಗೆ ಅಳುವಂತೆ ಅಪ್ಪಣೆ ಮಾಡುತ್ತಿದ್ದಿತು.

ಕಾಗದವನ್ನು ಒಡೆಯುವ ಷಾಟು ಛಾಯಾಗ್ರಹಣ ಮಾಡಿದ ವಿದ್ಯಾರ್ಥಿಗೆ ಅತ್ಯಂತ ಪ್ರಿಯವಾದುದು. ಚಿತ್ರದಲ್ಲಿ ಅದೇ ಉತ್ತಮವೆಂದು ನಾವೂ ಒಪ್ಪುತ್ತೇವೆ. ಅದನ್ನು ಬಿಡಲು ಆತನು ಎರಡು ದಿನ ಸಮ್ಮತಿಸಲಿಲ್ಲ. ಈಗ ಟ್ರೈಲರು, ಬೆರಳು ಲಕೋಟೆಯ ಅಂಚಿಗೆ ತಗಲುವಲ್ಲಿಗೆ ನಿಲ್ಲುತ್ತದೆ.