ಕಂಡ ಅರಿವು, ಕೇಳಿದ ಮಾತು

ಭೂಮಿಯು ಸೂರ್ಯನನ್ನು ಸುತ್ತುತ್ತದೆಯೆಂಬುದು ನಮಗೆಲ್ಲ ಗೊತ್ತು. ಆದರೆ ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ. ಶಾಲೆಯಲ್ಲಿ ಮೇಷ್ಟರು ಹೇಳಿದರು, ಪುಸ್ತಕದಲ್ಲಿ ಓದಿದೆವು, ಒಪ್ಪಿಕೊಂಡೆವು. ಹೀಗೆ ಒಪ್ಪಿಕೊಂಡದ್ದಕ್ಕೆ ‘ಜ್ಞಾನ’ವೆಂಬ ಹೆಸರು ಸಲ್ಲುವುದೇ? ಪಶ್ಚಿಮ ಆಫ್ರಿಕದ ನೈಜೀರಿಯಾದಲ್ಲಿ ಯೊರುಬಾ ಭಾಷೆಯನ್ನಾಡುವ ಹಳೆಯ ಪದ್ಧತಿಯ ವೈದ್ಯರು ಸಲ್ಲದು ಎನ್ನುತ್ತಾರೆ. ಅವರು ಹಾಗೆನ್ನಲು ಕಾರಣವೇನೆಂಬುದನ್ನು ಇಂದು ಕೇಳುಗರ ಮುಂದಿಡಲು ಬಯಸುತ್ತೇನೆ.

ಆಫ್ರಿಕದ ಜನರಿಗೆ ತತ್ತ್ವಶಾಸ್ತ್ರವುಂಟೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಆಫ್ರಿಕದವರಲ್ಲ. ಫ್ರೆಂಚ್ ವಿದ್ವಾಂಸ ಲೂಸಿಯೆನ್ ಲೆವಿ-ಬ್ರೂಲ್ 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಾನು ‘ಕೆಳಸ್ತರದ’ವೆಂದು ಕರೆದ ಸಮಾಜಗಳ ಮನಸ್ಸು ತರ್ಕಪೂರ್ವ ಸ್ಥಿತಿಯಲ್ಲಿದೆಯೆಂದು ಬರೆದನು, ಕೊನೆಗಾಲದ ತನ್ನ ಟಿಪ್ಪಣಿಗಳಲ್ಲಿ ಆ ಮಾತನ್ನು ತಾನೇ ಹಿಂತೆಗೆದುಕೊಂಡನೆಂಬುದು ಬೇರೆ. ಕಾಂಗೋದಲ್ಲಿದ್ದ ಬೆಲ್ಜಿಯಂ ದೇಶದ ಪಾದ್ರಿ ಪ್ಲಾಸಿಡ್ ಟೆಂಪೆಲ್ಸ್ 1945ರಲ್ಲಿ ಫ್ರೆಂಚಿನಲ್ಲಿ ಹೊರಬಂದ ಪುಸ್ತಕದಲ್ಲಿ, ಬಂಟು ಜನರಿಗೂ ಒಂದು ದರ್ಶನವುಂಟೆಂದು ವಾದಿಸಿದನು. ಉಪಕಾರವೇ ಸರಿ. ಆದರೆ ಅದನ್ನು ಸರಿಯಾದ ಶಬ್ದಗಳಲ್ಲಿ ಹೇಳಲು ಅವರಿಗೆ ಬಾರದು, ಅವರ ಪರವಾಗಿ ನಾವೇ ಹೇಳಬೇಕೆಂಬ ಧೋರಣೆ ಆ ಪುಸ್ತಕದಲ್ಲಿ ಉಳಿಯಿತು. ಬೆನಿನ್ ದೇಶದ ಪೌಲಿನ್ ಹೂಂಟೊಂಜಿ ಇದನ್ನು ಉಗ್ರವಾಗಿ ಖಂಡಿಸಿದರು. ಒಂದು ಜನಾಂಗಕ್ಕೆ ಜನಾಂಗವೇ ಒಂದೇ ಬಾಯಿಂದ ನುಡಿಯುವ ತತ್ತ್ವಶಾಸ್ತ್ರವೆಂಬುದಿಲ್ಲ. ವಿಚಾರ ಮಾಡುವವರು, ಪರಸ್ಪರ ವಾದಿಸುವವರು ವ್ಯಕ್ತಿಗಳೇ ಎಂಬುದು ಅವರ ನಿಲುವು.

ಇಲೆ-ಇಫೆಯ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಇಬ್ಬರು, ಅಮೆರಿಕದ ಬ್ಯಾರಿ ಹ್ಯಾಲೆನ್ ಮತ್ತು ನೈಜೀರಿಯಾದವರೇ ಆದ ಜೆ. ಒಲುಬಿ ಸೊಡಿಪೊ, ಬೇರೊಂದು ದಾರಿ ಹಿಡಿದರು. ‘ಒನಿಶೆಗುನ್’ ಎಂದು ಕರೆಯಲ್ಪಡುವ ಗಿಡಮೂಲಿಕೆಯ ವೈದ್ಯರ ಬಳಿ ಕುಳಿತು, ನೀವು ಈ ಶಬ್ದವನ್ನು ಎಲ್ಲಿ ಬಳಸುತ್ತೀರಿ, ಎಲ್ಲಿ ಬಳಸುವುದಿಲ್ಲ, ಏಕೆ ಎಂದು ಸಹಪಾಠಿಗಳನ್ನು ಕೇಳುವಂತೆ ಕೇಳಿದರು. ಆ ಸಂವಾದದ ಫಲ 1986ರಲ್ಲಿ ಪುಸ್ತಕವಾಯಿತು.

ಅವರು ಹಿಡಿದ ಶಬ್ದಗಳು ಎರಡು. ‘ಮೊ’ ಎಂದರೆ ತಿಳಿ, ಅರಿ. ‘ಗ್ಬಾಗ್ಬೊ’ ಎಂಬುದನ್ನು ಇಂಗ್ಲಿಷಿನಲ್ಲಿ ‘ನಂಬು’ ಎಂಬರ್ಥದ ಶಬ್ದದಿಂದ ಅನುವಾದಿಸುವುದು ರೂಢಿ. ಆದರೆ ಆ ಪದವನ್ನು ಬಿಡಿಸಿದರೆ ‘ಗ್ಬಾ’ ಎಂದರೆ ಸ್ವೀಕರಿಸು, ‘ಗ್ಬೊ’ ಎಂದರೆ ಕೇಳು. ಕೇಳಿದ್ದನ್ನು ಸ್ವೀಕರಿಸುವುದು ಎಂದಾಯಿತು. ಒನಿಶೆಗುನ್‌ಗಳ ಪ್ರಕಾರ, ನಾನೇ ಕಣ್ಣಾರೆ ಕಂಡು, ಕಂಡದ್ದು ಇಂಥದೆಂದು ನನ್ನ ಮನಸ್ಸೂ ಸಾಕ್ಷಿ ನುಡಿದಾಗ ಮಾತ್ರ ಅದು ‘ಇಮೊ’, ಅರಿವು. ಮಿಕ್ಕದ್ದೆಲ್ಲ ‘ಇಗ್ಬಾಗ್ಬೊ’. ಹೊಳೆಯ ಸೇತುವೆ ಕೊಚ್ಚಿಹೋಯಿತೆಂದು ನೆರೆಯವನು ಬಂದು ಹೇಳಿದನೆನ್ನೋಣ. ಅವನಿಗೆ ಅದು ಅರಿವು. ನನಗೆ ಇನ್ನೂ ಕೇಳಿದ ಮಾತು. ನಾನು ಹೋಗಿ ನೋಡಿ ಬಂದರೆ ನನಗೂ ಅರಿವಾಗುತ್ತದೆ. ಮನೆಯಲ್ಲೇ ಉಳಿದ ನನ್ನ ತಮ್ಮನಿಗೆ ಆಗುವುದಿಲ್ಲ! ನೋಡಿ ಬರಲಾಗದ ಸಂಗತಿಯಾದರೆ ಕುಳಿತು ಚರ್ಚಿಸಬೇಕು. ಹೇಳಿದವನು ಎಂಥವನು, ಹಿಂದೆ ಅವನಾಡಿದ ಮಾತುಗಳು ಏನಾದವು ಎಂಬುದನ್ನು ತೂಗಬೇಕು. ಅಷ್ಟೆಲ್ಲ ತೂಗಿದ ಮೇಲೂ ದೊರೆಯುವುದು ‘ಹಾಗಿರಬಹುದು’ ಎಂಬ ಮಟ್ಟದ ಒಪ್ಪಿಗೆಯೇ.

ಇದರ ಪರಿಣಾಮ ಸಣ್ಣದಲ್ಲ. ಹಿರಿಯರು ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪುವವರು ಎಂದು ಯಾರನ್ನು ಹೊರಗಿನವರು ಬಣ್ಣಿಸಿದ್ದರೋ, ಅವರೇ ‘ಅರಿವು’ ಎಂಬ ಶಬ್ದವನ್ನು ಇಷ್ಟು ಜಿಪುಣತನದಿಂದ ಬಳಸುತ್ತಿದ್ದಾರೆ. ಇತಿಹಾಸ, ಭೂಗೋಳ, ವಿಜ್ಞಾನವೆಂದು ಪುಸ್ತಕದಿಂದ ಪಡೆದ ಎಲ್ಲವನ್ನೂ ಜ್ಞಾನವೆಂದು ಉದಾರವಾಗಿ ಕರೆಯುತ್ತಿರುವವರು ಶಾಲೆ ಕಲಿತ ನಾವು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಆ ವೈದ್ಯರು ಕೇಳಿದ್ದರೆ ಮೆಚ್ಚುತ್ತಿದ್ದರು. ಆದರೆ ನಮ್ಮ ನೈಯಾಯಿಕರೊಡನೆ ಅವರಿಗೆ ಜಗಳವಾಗುತ್ತಿತ್ತು. ಇವರು ಆಪ್ತವಾಕ್ಯವನ್ನು ಶಬ್ದಪ್ರಮಾಣವೆಂದು ಪ್ರತ್ಯಕ್ಷ, ಅನುಮಾನಗಳ ಸಾಲಿನಲ್ಲೇ ಕೂರಿಸಿದವರಲ್ಲವೇ? ಹಾಗೆಂದು ಒನಿಶೆಗುನ್‌ನನ್ನು ಚಾರ್ವಾಕನೆನ್ನಲೂ ಬಾರದು. ಅವನು ಕೇಳಿದ ಮಾತನ್ನು ತಳ್ಳಿಹಾಕುವುದಿಲ್ಲ, ಅದಕ್ಕೆ ಬೇರೆ ಹೆಸರು ಕೊಟ್ಟು ಬೇರೆ ಕಪಾಟಿನಲ್ಲಿಡುತ್ತಾನೆ.

ಇನ್ನೊಂದು ಶಬ್ದ ‘ಅಜೆ’. ಇಂಗ್ಲಿಷಿನಲ್ಲಿ ಇದನ್ನು ಮಾಟಗಾತಿ ಎಂದೇ ಅನುವಾದಿಸುತ್ತ ಬಂದಿದ್ದಾರೆ. ಆ ವೈದ್ಯರನ್ನು ಕೇಳಿದರೆ, ಅಜೆ ಹೆಂಗಸೂ ಇರಬಹುದು, ಗಂಡಸೂ ಇರಬಹುದು. ಕೆಡುಕನ್ನೂ ಮಾಡಬಹುದು, ಒಳಿತನ್ನೂ ಮಾಡಬಹುದು ಎಂದರು. ಯೂರೋಪಿನ ಮಾಟಗಾತಿಯ ಚಿತ್ರ ಅಲ್ಲಿಗೆ ಹೊಂದುವುದೇ ಇಲ್ಲ.

ಘಾನಾ ದೇಶದ ಕ್ವಾಸಿ ವಿರೆಡು ಇದೇ ಕೆಲಸವನ್ನು ತಮ್ಮ ತಾಯ್ನುಡಿಯಾದ ಅಕಾನ್ ಭಾಷೆಯಲ್ಲಿ ಮಾಡಿದರು. ಅಕಾನ್‌ನಲ್ಲಿ ‘ಇರುವುದು’ ಎಂದರೆ ‘ಅಲ್ಲಿರುವುದು’, ಯಾವುದೋ ಒಂದೆಡೆ ಇರುವುದು. ‘ಆಲೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ದೆಕಾರ್ತನ ಮಾತನ್ನು ಆ ಭಾಷೆಗೆ ತಂದರೆ, ‘ಆದ್ದರಿಂದ ಅಲ್ಲಿದ್ದೇನೆ’ ಎಂದಾಗುತ್ತದೆ. ದೇಹವಿಲ್ಲದ, ಸ್ಥಳವಿಲ್ಲದ ಆತ್ಮಕ್ಕೆ ಆ ವಾಕ್ಯದಲ್ಲಿ ಎಡೆಯಿಲ್ಲ. ಹಾಗೆಂದು ಅಕಾನ್ ಭಾಷೆ ಹೇಳಿದ್ದೇ ಸತ್ಯವೆಂದು ಅವರು ಸಾಧಿಸಲಿಲ್ಲ. ಎರಡು ಭಾಷೆಗಳಲ್ಲೂ ನಿಲ್ಲುವ ವಾದ ಯಾವುದು, ಒಂದರಲ್ಲಿ ಮಾತ್ರ ನಿಲ್ಲುವುದು ಯಾವುದು ಎಂದು ಪರೀಕ್ಷಿಸಿರೆಂದರು. ಸ್ವಂತ ಸಂಪ್ರದಾಯದ ಮೂಢತನಗಳನ್ನೂ ಅವರು ಟೀಕಿಸದೆ ಬಿಡಲಿಲ್ಲ. ನನಗೆ ಅವರು ಹೆಚ್ಚು ಪ್ರಿಯರಾಗುವುದು ಈ ಕಾರಣಕ್ಕಾಗಿ.

ಹ್ಯಾಲೆನ್, ಸೊಡಿಪೊ ಅವರ ಪುಸ್ತಕದಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಆ ವೈದ್ಯರ ಹೆಸರುಗಳು ಅಲ್ಲಿಲ್ಲ. ವಾದಿಸುವವರು ವ್ಯಕ್ತಿಗಳು ಎಂಬ ಹೂಂಟೊಂಜಿಯವರ ಆಕ್ಷೇಪ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಕೀನ್ಯಾದ ಒಡೆರಾ ಒರುಕಾ 1990ರ ತಮ್ಮ ಗ್ರಂಥದಲ್ಲಿ ಹಳ್ಳಿಯ ಜ್ಞಾನಿಗಳನ್ನು ಹೆಸರು ಹಿಡಿದು ಮಾತನಾಡಿಸಿದರು. ಅವರಲ್ಲಿ ಒರುಕಾ ಅವರ ತಂದೆಯೂ ಒಬ್ಬರು.

ಕೊನೆಗೆ, ‘ಗ್ಬಾಗ್ಬೊ’ ಶಬ್ದದ ಒಂದು ಸಂಗತಿ ಹೇಳುವುದು ಉಳಿದಿದೆ. 19ನೆಯ ಶತಮಾನದಲ್ಲಿ ಬೈಬಲ್ಲನ್ನು ಯೊರುಬಾಕ್ಕೆ ತಂದವರಲ್ಲಿ ಮುಖ್ಯರಾದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಸ್ವತಃ ಯೊರುಬಾದವರು. ಬಾಲ್ಯದಲ್ಲಿ ಗುಲಾಮರಾಗಿ ಮಾರಲ್ಪಟ್ಟು, ಬಿಡುಗಡೆ ಹೊಂದಿ, 1864ರಲ್ಲಿ ಬಿಷಪ್ಪರಾದವರು. ಯೊರುಬಾ ಬೈಬಲ್ಲಿನಲ್ಲಿ ದೇವರಲ್ಲಿಡುವ ವಿಶ್ವಾಸಕ್ಕೆ ನಿಂತ ಶಬ್ದ ‘ಇಗ್ಬಾಗ್ಬೊ’. ಇಂದಿಗೂ ಯೊರುಬಾದಲ್ಲಿ ಕ್ರೈಸ್ತನಿಗೆ ‘ಒನಿಗ್ಬಾಗ್ಬೊ’ ಎಂದೇ ಹೆಸರು. ಅದನ್ನು ಒಬ್ಬ ಭಕ್ತ ಒಂದು ಬಗೆಯಾಗಿ ಕೇಳಿಸಿಕೊಳ್ಳುತ್ತಾನೆ, ಪಕ್ಕದ ಬೀದಿಯ ಮುದಿ ಒನಿಶೆಗುನ್ ಇನ್ನೊಂದು ಬಗೆಯಾಗಿ.