ನಿಮಗಿದು ಗೊತ್ತೆ? ಪುಟ್ಟ ವ್ಯಾಗನ್‌ಗೆ ತೂಕ ಹೆಚ್ಚೇ ಬೇಕು

ಅಮೆರಿಕದ ಮಾದರಿ ರೈಲು ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ‘ಎಚ್‌ಒ’ ಅಳತೆ. ಇದರಲ್ಲಿ ನಿಜವಾದ ಗಾಡಿಯ ಒಂದು ಅಡಿ 3.5 ಮಿಲಿಮೀಟರ್‌ಗೆ ಇಳಿಯುತ್ತದೆ. ಅಂದರೆ ಸುಮಾರು 87ರಲ್ಲಿ ಒಂದು ಪಾಲು. 40 ಅಡಿ ಉದ್ದದ ಮುಚ್ಚಿದ ಸರಕು ವ್ಯಾಗನ್ ಬರೀ 14 ಸೆಂಟಿಮೀಟರ್ ಆಗುತ್ತದೆ. ಅಷ್ಟರಲ್ಲೇ ತಂತಿಯಷ್ಟು ತೆಳುವಾದ ಏಣಿ, ಬ್ರೇಕ್ ತಿರುಗಿಸುವ ಚಕ್ರ, ತಗಡಿನ ಮೇಲಿನ ರಿವೆಟ್ ಸಾಲು ಎಲ್ಲವನ್ನೂ ಮೂಡಿಸುವ ಕುಸುರಿ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ತೂಕವನ್ನು ಮಾತ್ರ ಇದೇ ಲೆಕ್ಕದಲ್ಲಿ ಇಳಿಸುವಂತಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ ಆರೂವರೆ ಲಕ್ಷ ಪಟ್ಟು ಕುಗ್ಗಬೇಕಾಗುತ್ತದೆ; 20 ಟನ್‌ನ ಖಾಲಿ ವ್ಯಾಗನ್ 30 ಗ್ರಾಂ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಷ್ಟು ಹಗುರವಾದದ್ದು ಉದ್ದನೆಯ ರೈಲಿನ ನಡುವೆ ಸಿಕ್ಕಿದರೆ ತಿರುವಿನಲ್ಲಿ ಸುಲಭವಾಗಿ ಹಳಿ ತಪ್ಪುತ್ತದೆ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದ ಶಿಫಾರಸು ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಈ ವ್ಯಾಗನ್‌ಗೆ ಅದು ಸುಮಾರು 106 ಗ್ರಾಂ.

ಹಾಗಿದ್ದರೆ ಇದನ್ನು ನಿಖರ ಮಾದರಿ ಎನ್ನಬಹುದೆ ಎಂಬ ಆಕ್ಷೇಪವಿದೆ. ಗಾಜಿನ ಕಪಾಟಿನಲ್ಲಿಡುವ ಮಾದರಿಯ ಮಟ್ಟಿಗೆ ಅದು ಸರಿಯೇ. ಓಡಬೇಕಾದ ವ್ಯಾಗನ್‌ಗೆ ಮಾತ್ರ ಹಳಿಯ ಮೇಲಿನ ನಡಿಗೆಯೂ ನಿಖರತೆಯ ಭಾಗ. ಆದ್ದರಿಂದ ಕೊಳ್ಳುವಾಗ ಬಣ್ಣದ ಜೊತೆ ತೂಕವನ್ನೂ ನೋಡಿ. ಕಡಿಮೆಯಿದ್ದರೆ ನೆಲಗಟ್ಟಿಗೆ ಉಕ್ಕಿನ ಪಟ್ಟಿ ಅಂಟಿಸಿಕೊಳ್ಳಬಹುದು.